ಎಲಿವೇಷನ್ ಹಿಂದಿನ ನೀಲಿ ಬಾವಿ

ಮನೆ ಕಟ್ಟಿಸಲೆಂದು ಬರುವವರಲ್ಲಿ ಕೆಲವರು ಬಾರ್ಸಿಲೋನಾದ ಕಾಸಾ ಬಾಟ್ಯೋ ಮನೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, "ನಮ್ಮ ಎಲಿವೇಷನ್ ಹೀಗೇ ಇರಲಿ" ಎನ್ನುತ್ತಾರೆ. ಎಲಿವೇಷನ್ ಎಂದರೆ ಮನೆಯ ಮುಂಭಾಗದ ನೋಟ. ಮೂಳೆಯಂತಹ ಕಲ್ಲುಕಂಬ, ಮುಖವಾಡದಂತಹ ಬಾಲ್ಕನಿ, ಮೀನಿನ ಹುರುಪೆಯಂತೆ ಹೊಳೆಯುವ ಛಾವಣಿ ಯಾರ ಕಣ್ಣನ್ನೂ ಸೆಳೆಯುತ್ತವೆ. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮನೆಯೆಂದರೆ ಮುಂಗೋಡೆ ಎಂಬ ನಂಬಿಕೆಯನ್ನು ಎಷ್ಟು ಸಲ ತಿದ್ದಿದರೂ ಅದು ಮತ್ತೆ ತಲೆಯೆತ್ತುತ್ತದೆ.

ಕಾಸಾ ಬಾಟ್ಯೋದ ವಾಸ್ತುಶಿಲ್ಪಿ ಆಂತೋನಿ ಗೌಡಿ ಆ ಮನೆಯನ್ನು ತಳಪಾಯದಿಂದ ಕಟ್ಟಿದವರಲ್ಲ. 1877ರ ಸಾಧಾರಣ ಮನೆಯೊಂದನ್ನು ಜವಳಿ ಉದ್ಯಮಿ ಜೋಸೆಪ್ ಬಾಟ್ಯೋ 1903ರಲ್ಲಿ ಕೊಂಡರು. ಕೆಡವಿ ಕಟ್ಟುವ ಯೋಚನೆಯಿದ್ದರೂ ಗೌಡಿ ಹಳೆಯದನ್ನು ಉಳಿಸಿಕೊಂಡು, 1904ರಿಂದ 1906ರವರೆಗೆ ಒಳಗೂ ಹೊರಗೂ ಮಾರ್ಪಡಿಸಿದರು. ಪಕ್ಕದಲ್ಲಿ 1900ರಲ್ಲೇ ಮುಗಿದಿದ್ದ ಕಾಸಾ ಅಮಾಟ್ಯೇರ್ ಎಂಬ ಮನೆಯ ಎತ್ತರಕ್ಕೆ ಹೊಂದಲೆಂದು ಆ ಬದಿಯ ಮೂಲೆಯನ್ನು ತಗ್ಗಿಸಿದರು.

ಎರಡೂ ಪಕ್ಕಗಳಲ್ಲಿ ಅಕ್ಕಪಕ್ಕದವರ ಗೋಡೆಗಳು ಅಂಟಿಕೊಂಡಿದ್ದ ಆ ಮನೆಗೆ ಬೆಳಕು ಬರಬೇಕಾದದ್ದು ಮುಂದಿನಿಂದ, ಹಿಂದಿನಿಂದ, ಇಲ್ಲವೇ ನಡುವಿನಿಂದ. ನಡುವಿನ ಬೆಳಕಿನ ಬಾವಿಯನ್ನು, ಅಂದರೆ ಬೆಳಕು ಇಳಿಯಲೆಂದು ಮೇಲಿನಿಂದ ಕೆಳಗಿನವರೆಗೆ ಬಿಟ್ಟ ಖಾಲಿ ಜಾಗವನ್ನು, ಗೌಡಿ ಹಿಗ್ಗಿಸಿ ಅದರ ಗೋಡೆಗೆ ನೀಲಿ ಟೈಲ್ಸ್ ಹೊದಿಸಿದರು. ಮೇಲೆ ಕಡುನೀಲಿ, ಇಳಿಯುತ್ತ ತಿಳಿನೀಲಿ, ತಳದಲ್ಲಿ ಹೆಚ್ಚುಕಡಿಮೆ ಬಿಳಿ. ಇದು ಕೇವಲ ಅಲಂಕಾರವಲ್ಲ. ಬಿಸಿಲು ಮೊದಲು ಬೀಳುವ ಮೇಲ್ಭಾಗದಲ್ಲಿ ಕಡುಬಣ್ಣ ಕಣ್ಣು ಕೋರೈಸುವ ಬೆಳಕನ್ನು ಹೀರಿಕೊಳ್ಳುತ್ತದೆ. ಬೆಳಕು ಸೊರಗಿ ತಲುಪುವ ತಳದಲ್ಲಿ ತಿಳಿಬಣ್ಣ ಇದ್ದಷ್ಟನ್ನೂ ಕೋಣೆಗಳೊಳಕ್ಕೆ ಮರಳಿಸುತ್ತದೆ. ಅದೇ ಕಾರಣಕ್ಕೆ ಕಿಟಕಿಗಳೂ ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಇಡೀ ಬಾವಿಗೆ ಒಂದೇ ಬಣ್ಣ ಬಳಿದು, ಒಂದೇ ಅಳತೆಯ ಕಿಟಕಿ ಇಟ್ಟರೆ ಮೇಲಿನವರು ಪರದೆ ಎಳೆದುಕೊಳ್ಳುತ್ತಾರೆ, ಕೆಳಗಿನವರು ದೀಪ ಹಾಕಿಕೊಳ್ಳುತ್ತಾರೆ. ಕಿಟಕಿಗಳ ಕೆಳಗೆ ತೆರೆದು ಮುಚ್ಚಬಹುದಾದ ಮರದ ಪಟ್ಟಿಗಳಿದ್ದು, ಗಾಳಿಯನ್ನು ಬೇಕಾದಷ್ಟೇ ಒಳಬಿಡಬಹುದು.

ಮೂವತ್ತು-ನಲವತ್ತರ ಸೈಟಿನಲ್ಲಿ ಗಾಳಿ-ಬೆಳಕಿಗೆಂದು ನಾವು ಬಿಡುವ ಕಿರುಬಾವಿ, ಅಂದರೆ ಡಕ್ಟ್, ಮಾಡಬೇಕಾದ ಕೆಲಸವೂ ಇದೇ. ಕೆಲವು ವರ್ಷಗಳ ಹಿಂದೆ ಒಬ್ಬರು ಹಾಲ್ ದೊಡ್ಡದಾಗಲೆಂದು ನಾನು ಬರೆದುಕೊಟ್ಟಿದ್ದ ಡಕ್ಟನ್ನು ಎರಡು ಅಡಿಗೆ ಇಳಿಸಿ, ಉಳಿದ ಹಣದಲ್ಲಿ ಮುಖವಾಡದ ಬಾಲ್ಕನಿ ಮಾಡಿಸಿದರು. ಗೃಹಪ್ರವೇಶದ ಬಳಿಕ ಹೋದಾಗ, ಮಟಮಟ ಮಧ್ಯಾಹ್ನದಲ್ಲಿ ಅವರ ತಾಯಿ ನೆಲಮಹಡಿಯ ಅಡುಗೆಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು, ಮೊರವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದರು. ನನಗೆ ಬಹಳ ನೋವಾಯಿತು.

ಬಾರ್ಸಿಲೋನಾದ ಲೆಕ್ಕವನ್ನು ಇದ್ದಂತೆಯೇ ಇಲ್ಲಿಗೆ ತರಬಹುದೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಬಾವಿಗೆ ಗಾಜಿನ ಛಾವಣಿ ಇದೆ. ನಮ್ಮ ಬಿಸಿಲಿಗೆ ಬಿಸಿಗಾಳಿ ಹೊರಹೋಗುವ ದಾರಿ ಬಿಡದೆ ಗಾಜು ಹಾಕಿದರೆ ಮೇಲ್ಮಹಡಿ ಕಾದ ಹೆಂಚಾಗುತ್ತದೆ. ಡಕ್ಟಿನ ಅಗಲ, ಮಹಡಿಗಳ ಸಂಖ್ಯೆ, ಪಕ್ಕದ ಮನೆಯ ಎತ್ತರ ನೋಡದೆ ಬಣ್ಣವನ್ನೂ ನಿರ್ಧರಿಸಲಾಗದು. ಆ ತಾಯಿಯ ಮನೆಯಲ್ಲಿ ಡಕ್ಟನ್ನು ಹಿಗ್ಗಿಸಲು ಗೋಡೆ ಒಡೆಯುವಂತಿರಲಿಲ್ಲವಾದ್ದರಿಂದ ಡಕ್ಟಿನ ತಳಭಾಗಕ್ಕೆ ಬಿಳಿ ಟೈಲ್ಸ್ ಹಾಕಿಸಿ, ಅಡುಗೆಮನೆಯ ಕಿಟಕಿಯನ್ನು ಸಜ್ಜಾದವರೆಗೆ ಎತ್ತರಿಸಿದೆವು. ಈಗ ಹನ್ನೊಂದರಿಂದ ಎರಡು ಗಂಟೆಯವರೆಗೆ ಅಲ್ಲಿ ದೀಪ ಬೇಕಾಗುವುದಿಲ್ಲ. ಆ ತಾಯಿ ಅಕ್ಕಿ ಆರಿಸುವ ಕೆಲಸವನ್ನು ಆ ಹೊತ್ತಿಗೇ ಇಟ್ಟುಕೊಂಡಿದ್ದಾರೆ.