ಅಟ್ಟೆ, ಚೆಂಡು ಮತ್ತು ತ್ರೈರಾಶಿಕ

ಉಡುಪಿಯಲ್ಲಿ ಮನೆಯಲ್ಲೊಂದು ಶುಭಕಾರ್ಯ ಇದೆಯೆಂದರೆ ಮೊದಲು ಕೇಳುವ ಮಾತು, 'ಇವತ್ತು ಅಟ್ಟೆಗೆ ಎಷ್ಟು?' ಶಂಕರಪುರ ಮಲ್ಲಿಗೆಗೆ ಅದರದ್ದೇ ಅಳತೆ. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ಹೇಳುವುದು ಅಟ್ಟೆಗೆ, ನಾವು ಕೊಳ್ಳುವುದು ಹೆಚ್ಚಾಗಿ ಚೆಂಡಿನಲ್ಲಿ. ಅಟ್ಟೆಗೆ 960 ರೂಪಾಯಿ ಇದ್ದ ದಿನ ನಾನು ಏಳು ಚೆಂಡು ಕೇಳಿದೆ. ಹೂವಿನ ಅಕ್ಕ ಬಾಳೆಲೆಯ ಕಟ್ಟಿಗೆ ನಾರು ಬಿಗಿಯುತ್ತಲೇ, '1680 ಕೊಡಿ' ಎಂದರು. ಹೇಗೆ ಲೆಕ್ಕ ಹಾಕಿದಿರಿ ಎಂದು ಕೇಳಿದೆ. 'ಎರಡು ಅಟ್ಟೆಗೆ 1920. ನಿಮಗೆ ಅದರಲ್ಲಿ ಒಂದು ಚೆಂಡು ಕಮ್ಮಿ ಅಲ್ವಾ, 240 ಕಳೆದೆ.'

ಶಾಲೆಯಲ್ಲಿ ಇದನ್ನು ಅನುಪಾತ ಎಂದು ಕಲಿಸುತ್ತಾರೆ. ಹಳಬರು ತ್ರೈರಾಶಿಕ ಎನ್ನುತ್ತಿದ್ದರು: ಮೂರು ರಾಶಿ ಗೊತ್ತಿದ್ದರೆ ನಾಲ್ಕನೆಯದು ತಾನಾಗಿ ಸಿಗುತ್ತದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಈ ಸೂತ್ರವಿದೆ. ದರ ನಿಂತಿರುವ ಅಳತೆ 'ಪ್ರಮಾಣ', ಅದರ ಬೆಲೆ 'ಫಲ', ನಮಗೆ ಬೇಕಾದಷ್ಟು 'ಇಚ್ಛೆ'. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 960ನ್ನು 7ರಿಂದ ಗುಣಿಸಿ 4ರಿಂದ ಭಾಗಿಸಿ ನೋಡಿ, ಅದೇ 1680. 12ನೇ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ತನ್ನ ಕೃತಿಗೆ 'ವ್ಯವಹಾರಗಣಿತ' ಎಂದು ಹೆಸರಿಟ್ಟ. ಎಷ್ಟು ಸರಿಯಾದ ಹೆಸರು!

ಈ ಮೂರು ಪದಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು 'ಇಚ್ಛೆ'. ಎರಡು ಬೆಲೆ ಹೋಲಿಸುವಾಗ ಗುಣಾಕಾರ, ಭಾಗಾಕಾರ ನಮಗೆ ತಪ್ಪುವುದು ಕಡಿಮೆ. ನಮಗೆ ನಿಜವಾಗಿ ಬೇಕಾದದ್ದು ಯಾವುದು ಎಂಬಲ್ಲೇ ಎಡವುತ್ತೇವೆ.

ತೆಂಗಿನೆಣ್ಣೆಯನ್ನೇ ತೆಗೆದುಕೊಳ್ಳಿ. ಗಾಣದವರು ಕೊಡುವುದು ಕೆ.ಜಿ. ಲೆಕ್ಕದಲ್ಲಿ, ಅಂಗಡಿಯ ಪ್ಯಾಕೆಟ್ ಬರುವುದು ಲೀಟರ್ ಲೆಕ್ಕದಲ್ಲಿ. ಗಾಣದಲ್ಲಿ ಕೆ.ಜಿ.ಗೆ 400 ರೂಪಾಯಿ, ಪ್ಯಾಕೆಟ್ ಲೀಟರಿಗೆ 380 ಎಂದಿಟ್ಟುಕೊಳ್ಳೋಣ. ಇಪ್ಪತ್ತು ರೂಪಾಯಿ ಉಳಿಯಿತು ಎಂದು ಪ್ಯಾಕೆಟ್ ಎತ್ತಿಕೊಳ್ಳುತ್ತೇವೆ. ಆದರೆ ಎಣ್ಣೆ ನೀರಿಗಿಂತ ಹಗುರ. ನಮ್ಮ ಕರಾವಳಿಯ ಸೆಕೆಗೆ ಒಂದು ಲೀಟರ್ ತೆಂಗಿನೆಣ್ಣೆ ತೂಗುವುದು ಸುಮಾರು 915 ಗ್ರಾಂ ಅಷ್ಟೆ. 380ನ್ನು 915ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕೆ.ಜಿ.ಗೆ 415 ರೂಪಾಯಿ. ಈಗ ಪೊಟ್ಟಣಗಳ ಮೇಲೆ ಬಿಡಿ ಅಳತೆಯ ದರವನ್ನೂ ಮುದ್ರಿಸಬೇಕೆಂಬ ನಿಯಮವಿದೆ, ಒಳ್ಳೆಯದೇ. ಆದರೂ ಒಂದು ಕೆ.ಜಿ.ಗಿಂತ ಚಿಕ್ಕ ಪೊಟ್ಟಣಕ್ಕೆ ಗ್ರಾಮಿನ ದರ, ದೊಡ್ಡದಕ್ಕೆ ಕೆ.ಜಿ. ದರ ಇರುವುದರಿಂದ ಹೋಲಿಸುವ ಮುನ್ನ ಒಂದೇ ಅಳತೆಗೆ ತಂದುಕೊಳ್ಳಬೇಕು.

ಮೀನಿನಲ್ಲೂ ಹೀಗೇ. ಒಂದು ಭಾನುವಾರ ದಕ್ಕೆಯಿಂದ ತಂದ ಒಂದು ಕೆ.ಜಿ. ಸಿಗಡಿಯನ್ನು ತಲೆ ಮುರಿದು, ಚಿಪ್ಪು ಸುಲಿದು, ಬೆನ್ನಿನ ಕಪ್ಪು ಎಳೆ ತೆಗೆದು ಮತ್ತೆ ತೂಗಿದೆ. 550 ಗ್ರಾಂ! ಹಾಗಾದರೆ ಇಡೀ ಸಿಗಡಿಗೆ 350 ರೂಪಾಯಿ ಕೊಟ್ಟರೆ ಬಾಣಲೆಗೆ ಬೀಳುವ ಮಾಂಸಕ್ಕೆ ಕೆ.ಜಿ.ಗೆ 636 ರೂಪಾಯಿ ಕೊಟ್ಟಂತೆ. ಪಕ್ಕದಲ್ಲೇ ಸುಲಿದದ್ದನ್ನು 600ಕ್ಕೆ ಕೊಟ್ಟರೆ ಅದೇ ಅಗ್ಗ. ತಲೆ ಹಾಕಿ ಸಾರು ಮಾಡುವ ಮನೆಯವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಇಚ್ಛೆ ಬೇರೆ.

ಇನ್ನು ತೆಂಗಿನಕಾಯಿ. ಇಲ್ಲಿ ಸರಳ ತ್ರೈರಾಶಿಕ ಕೈಕೊಡುತ್ತದೆ. ಸುಲಿದ ಎರಡು ಕಾಯಿ, ಒಂದರ ಅಡ್ಡಳತೆ 10 ಸೆಂ.ಮೀ., ಇನ್ನೊಂದರದ್ದು 12. ಚಿಕ್ಕದಕ್ಕೆ 30 ರೂಪಾಯಿ, ದೊಡ್ಡದಕ್ಕೆ 40. ಅಡ್ಡಳತೆ ಹೆಚ್ಚಿದ್ದು 1.2 ಪಟ್ಟು, ಹಾಗಾಗಿ 36 ರೂಪಾಯಿ ಸಾಕಿತ್ತಲ್ಲ ಎಂದು ಕಣ್ಣು ಹೇಳುತ್ತದೆ. ಆದರೆ ನಮಗೆ ಬೇಕಾದದ್ದು ತಿರುಳು. ಅದು ಚಿಪ್ಪಿನ ಒಳಮೈಗೆ ಬಳಿದಂತೆ ಕೂತಿರುತ್ತದೆ. ತಿರುಳಿನ ದಪ್ಪ ಎರಡರಲ್ಲೂ ಒಂದೇ ಆಗಿದ್ದರೆ ಅದು ಹೆಚ್ಚುವುದು ಮೇಲ್ಮೈಯ ಲೆಕ್ಕದಲ್ಲಿ: 1.2ರ ವರ್ಗ, ಅಂದರೆ 1.44 ಪಟ್ಟು. ಆ ಲೆಕ್ಕದಲ್ಲಿ ದೊಡ್ಡ ಕಾಯಿಗೆ 43 ರೂಪಾಯಿ ಕೊಟ್ಟರೂ ನ್ಯಾಯವೇ, 40ಕ್ಕೆ ಸಿಕ್ಕಿದರೆ ಲಾಭ.

ಒಳಗಿನ ಟೊಳ್ಳು ಹೆಚ್ಚುವುದು ಘನದ ಲೆಕ್ಕದಲ್ಲಿ, 1.7 ಪಟ್ಟಿಗೂ ಮೇಲೆ. ಅದರಲ್ಲಿರುವುದು ನೀರು. ಕಾಯಿಯನ್ನು ತೂಗಿ ಮಾರುವ ಅಂಗಡಿಯಲ್ಲಿ ಆ ನೀರಿಗೂ ತಿರುಳಿನದೇ ದರ ಬೀಳುತ್ತದೆ. ನಮ್ಮ ಅಮ್ಮ ಮಂಗಳೂರಿನ ಮಾರ್ಕೆಟಿನಲ್ಲಿ ಕಾಯಿ ತೂಗಿಸುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಎಳೆಯದು ಅನಿಸಿದ್ದನ್ನು ರಾಶಿಗೆ ವಾಪಸ್ ಹಾಕಿ, ಬಲಿತದ್ದನ್ನಷ್ಟೇ ತಕ್ಕಡಿಗೆ ಇಡುತ್ತಾರೆ.