ಬ್ಲೂಟೂತ್ ಆಫ್ ಮಾಡಿದರೆ ಕಾರಿನೊಳಗಿನ ನಂಬರುಗಳು ಅಳಿಯುವುದಿಲ್ಲ

ದಾವಣಗೆರೆಯ ನಮ್ಮ ಅಂಗಡಿಗೆ ಸ್ಟೀರಿಯೊ ತೋರಿಸಲು ಬರುವವರಲ್ಲಿ ಹಳೆಯ ಕಾರು ಮಾರುವವರೂ ಕೊಂಡವರೂ ಬಹಳ. ಫೋನಿನ ಮಾಹಿತಿಯನ್ನು ಕಾರಿನಿಂದ ತೆಗೆದಿರಾ ಎಂದು ಮಾರುವವರನ್ನು ಕೇಳಿದರೆ, "ಬ್ಲೂಟೂತ್ ಆಫ್ ಮಾಡೀನಲ್ರೀ" ಎನ್ನುತ್ತಾರೆ. ಓದಿದವರೂ ಇದೇ ಮಾತನ್ನು ಹೇಳುವುದರಿಂದ ಈ ಒಂದು ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಸಲ ಪೇರ್ ಮಾಡಿದಾಗ, ಅಂದರೆ ಬ್ಲೂಟೂತ್ ಮೂಲಕ ಒಂದಕ್ಕೊಂದು ಜೋಡಿಸಿದಾಗ, ಫೋನು ಮತ್ತು ಸ್ಟೀರಿಯೊ ಒಂದು ಗುಪ್ತ ಕೀಲಿಯನ್ನು ರೂಪಿಸಿ ತಮ್ಮ ತಮ್ಮಲ್ಲಿ ಉಳಿಸಿಕೊಳ್ಳುತ್ತವೆ. ಮರುದಿನ ಕಾರು ಹತ್ತಿದ ಕೂಡಲೇ ಅವು ತಾವಾಗಿ ಕೂಡಿಕೊಳ್ಳುವುದು ಅದರಿಂದಲೇ. ಬ್ಲೂಟೂತ್ ಆಫ್ ಮಾಡಿದರೆ ಅದರ ಸಂಕೇತ ನಿಲ್ಲುತ್ತದೆಯೇ ಹೊರತು ಕೀಲಿ ಅಳಿಯುವುದಿಲ್ಲ. ಇದಲ್ಲದೆ, ಪೇರ್ ಮಾಡುವಾಗ ಕಾಂಟ್ಯಾಕ್ಟ್ ಮತ್ತು ಕರೆಗಳ ವಿವರ ಹಂಚಿಕೊಳ್ಳಲು ಒಪ್ಪಿದ್ದರೆ ಅವುಗಳ ನಕಲು ಸ್ಟೀರಿಯೊಗೆ ಇಳಿದಿರುತ್ತದೆ. ಫೋನಿನಿಂದ ಕಾರಿನ ಹೆಸರನ್ನು ತೆಗೆದರೂ ಆ ನಕಲು ಕಾರಿನಲ್ಲೇ ಉಳಿಯಬಹುದು. ಎಲ್ಲ ಸ್ಟೀರಿಯೊಗಳೂ ಒಂದೇ ತೆರನಲ್ಲ. ಫೋನು ದೂರವಾದಾಗ ಕೆಲವು ಪಟ್ಟಿಯನ್ನು ತೋರಿಸುವುದಿಲ್ಲ, ಆದರೆ ಕಾಣದಿರುವುದು ಅಳಿಸಿದ್ದಕ್ಕೆ ಸಾಕ್ಷಿಯಲ್ಲ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಾವು ಕೊಂಡ ಕಾರನ್ನು ತಂದಿದ್ದರು. ಪರದೆಯ ಮೇಲೆ 'ಅವ್ವ', 'ಮಂಡಿ ದಲಾಲಿ', 'ಬೋರ್‌ವೆಲ್ ಲಾರಿ', 'ಮಗಳು ಹಾಸ್ಟೆಲ್' ಎಂಬ ಹೆಸರುಗಳು ಸಾಲಾಗಿದ್ದವು, ಯಾವುದೂ ಅವರದಲ್ಲ. "ಪಾಪ, ಅವರ ಮನಿ ಮಂದಿದೆಲ್ಲಾ ಇಲ್ಲೇ ಐತಲ್ರೀ, ಮೊದಲು ಅಳಿಸ್ರಿ" ಎಂದು ಅವರೇ ಅವಸರ ಮಾಡಿದರು. ಎಲ್ಲ ಕಾರುಗಳೂ ಇಂಥವರ ಕೈಗೇ ಸೇರುವುದಿಲ್ಲ. ಮಗಳ ನಂಬರು ಮೋಸಗಾರರಿಗೆ ಸಿಕ್ಕರೆ ತಂದೆಯನ್ನು ಹೆದರಿಸಿ ಹಣ ಕೀಳಲು ಬೇರೇನೂ ಬೇಕಿಲ್ಲ.

ಹಾಗೆಂದು ಆಫ್ ಮಾಡುವುದು ವ್ಯರ್ಥವಲ್ಲ. 2017ರಲ್ಲಿ ಬಯಲಾದ, ಬ್ಲೂಟೂತ್ ತಂತ್ರಾಂಶದ ಬ್ಲೂಬೋರ್ನ್ ಎಂಬ ದೋಷಗಳ ಮೂಲಕ ಸಾಧನದೊಳಗೆ ನುಗ್ಗಲು ಪೇರ್ ಆಗುವುದೇ ಬೇಕಿರಲಿಲ್ಲ, ಬ್ಲೂಟೂತ್ ಆನ್ ಇದ್ದರೆ ಸಾಕಿತ್ತು. ನಕಲಿ ಕೀಬೋರ್ಡ್ ಆಗಿ ಫೋನಿನೊಳಗೆ ನುಗ್ಗಲು ಎಡೆಕೊಡುವ ಇನ್ನೊಂದು ದೋಷ 2023ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಆಂಡ್ರಾಯ್ಡ್ 11 ಮತ್ತು ನಂತರದ ಆವೃತ್ತಿಗಳಿಗೆ ಅದರ ಪರಿಹಾರ ಬಂದಿತು, 10 ಮತ್ತು ಅದಕ್ಕೂ ಹಳೆಯವಕ್ಕೆ ಬರಲಿಲ್ಲ. ಅಂಥ ಫೋನುಳ್ಳವರು ಕೆಲಸ ಮುಗಿದೊಡನೆ ಆಫ್ ಮಾಡಲೇಬೇಕು.

ಕಾರು ಮಾರುವಾಗ ಮೊದಲು ಸ್ಟೀರಿಯೊದಲ್ಲಿ ನಿಮ್ಮ ಫೋನನ್ನು ಡಿಲೀಟ್ ಮಾಡಿ, ನಂತರ ಸ್ಟೀರಿಯೊವನ್ನೇ ಫ್ಯಾಕ್ಟರಿ ರೀಸೆಟ್ ಮಾಡಿ (ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವುದು), ಕೊನೆಗೆ ಫೋನಿನಲ್ಲಿ ಕಾರಿನ ಹೆಸರಿನೆದುರು 'ಫರ್ಗೆಟ್' ಒತ್ತಿ. ಬೆಂಗಳೂರಿಗೆ ಬಾಡಿಗೆ ಕಾರಿನಲ್ಲಿ ಹೋಗುವಾಗ ಹಾಡಿಗಾಗಿ ಪೇರ್ ಮಾಡಿದರೂ ಕಾಂಟ್ಯಾಕ್ಟ್ ಕೇಳಿದಾಗ ಬೇಡವೆನ್ನಿ. ಹಾಡು ಕೇಳಲು ಅದರ ಅಗತ್ಯವಿಲ್ಲ.