ಗೀಸರ್ ಹೊತ್ತಿಸುವುದು ನೀರು

ಅಡುಗೆಮನೆಯ ಒಲೆ ಚೆನ್ನಾಗಿಯೇ ಉರಿಯುತ್ತಿದೆ, ಬಚ್ಚಲಿನ ಗ್ಯಾಸ್ ಗೀಸರ್ ಮಾತ್ರ ಹೊತ್ತುತ್ತಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ನಲ್ಲಿ ತಿರುಗಿಸಿ ಒಂದು ನಿಮಿಷ ಗೀಸರ್‌ಗೆ ಕಿವಿಗೊಡಿ. ದೋಷ ಎಲ್ಲಿದೆ ಎಂಬುದು ಬಹುಪಾಲು ಸದ್ದಿನಲ್ಲೇ ತಿಳಿಯುತ್ತದೆ. ಗ್ಯಾಸ್ ವಾಸನೆ ಬರುತ್ತಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲ ಹಿಡಿದು ಕೂರುತ್ತದೆ.

ಈ ಯಂತ್ರಕ್ಕೆ ಅಪ್ಪಣೆ ಕೊಡುವುದು ನೀರು. ತಣ್ಣೀರು ಒಳಬರುವ ಕಡೆ ಹಿತ್ತಾಳೆಯ ವಾಲ್ವ್ ಇದೆ, ಅದರೊಳಗೆ ಡಯಾಫ್ರಮ್ ಎಂಬ ದುಂಡನೆಯ ರಬ್ಬರ್ ಹಾಳೆ. ನೀರು ಕಿರಿದಾದ ಕಂಠವೊಂದನ್ನು ದಾಟುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ರಬ್ಬರಿನ ಒಂದು ಮಗ್ಗುಲಿಗೆ ಪೂರ್ತಿ ಒತ್ತಡ, ಇನ್ನೊಂದಕ್ಕೆ ಕಡಿಮೆ. ಹಾಗಾಗಿ ಅದು ಉಬ್ಬಿ ಒಂದು ಕಡ್ಡಿಯನ್ನು ತಳ್ಳುತ್ತದೆ. ಆ ಕಡ್ಡಿ ಗ್ಯಾಸಿನ ದಾರಿಯನ್ನೂ ತೆರೆಯುತ್ತದೆ, ಮೈಕ್ರೋ ಸ್ವಿಚ್ಚನ್ನೂ ಚಾಲೂ ಮಾಡುತ್ತದೆ. ಕಿಡಿ ಹಾರುವುದು ಆಮೇಲೆ. ನೀರು ನಿಂತರೆ ಕಡ್ಡಿ ಹಿಂದೆ ಸರಿದು ಬೆಂಕಿ ಆರುತ್ತದೆ. ಇಲ್ಲದಿದ್ದರೆ ಒಳಗಿನ ತಾಮ್ರದ ಕೊಳವೆ ಸುಟ್ಟುಹೋದೀತು.

ಕಿಡಿಯ ಟಿಕ್ ಟಿಕ್ ಸದ್ದೇ ಇಲ್ಲವೆಂದರೆ ಸೆಲ್ ಸತ್ತಿರಬೇಕು, ಇಲ್ಲವೇ ನೀರು ಸಾಲದು. ಸೆಲ್‌ಗಳನ್ನು ತೆಗೆದು ನೋಡಿ, ತುದಿಯ ಲೋಹದ ಪಟ್ಟಿಗೆ ಪುಡಿ ಕಟ್ಟಿದ್ದರೆ ಉಜ್ಜಿ ಒರೆಸಿ. ಆಮೇಲೆ ನೀರಿನ ಸರದಿ. ತಣ್ಣೀರಿನ ನಲ್ಲಿ ಪೂರ್ತಿ ಮುಚ್ಚಿ, ಬಿಸಿನೀರಿನದನ್ನು ಪೂರ್ತಿ ತೆರೆದು ಒಂದು ಲೀಟರ್ ಜಗ್ ಹಿಡಿಯಿರಿ. ಅರ್ಧ ನಿಮಿಷವಾದರೂ ತುಂಬದಿದ್ದರೆ ಹರಿವು ನಿಮಿಷಕ್ಕೆ 2 ಲೀಟರಿಗೂ ಕಡಿಮೆ ಎಂದಾಯಿತು, ಅಷ್ಟು ಹರಿವಿಗೆ ಬಹಳಷ್ಟು ಗೀಸರ್‌ಗಳು ಎಚ್ಚರಗೊಳ್ಳುವುದಿಲ್ಲ. ಟ್ಯಾಂಕ್ ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್ ಅಷ್ಟೇ. ಕೊನೆಯ ಮಹಡಿಯವರಿಗೆ ಈ ತಾಪತ್ರಯ ಹೆಚ್ಚು, ಅದೇ ಕಟ್ಟಡದ ಕೆಳಮನೆಯವರಿಗೆ ಗೊತ್ತೂ ಆಗುವುದಿಲ್ಲ. ಶವರಿನ ತಲೆ ಬಿಚ್ಚಿದಾಗ ಗೀಸರ್ ಹೊತ್ತಿಕೊಂಡರೆ ಅದರ ತೂತುಗಳಲ್ಲಿ ಸುಣ್ಣ ಕಟ್ಟಿದೆ ಎಂದರ್ಥ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ. ನೀರು ಒಳಹೋಗುವಲ್ಲಿನ ಜಾಲರಿಯನ್ನೂ ತೊಳೆಯಬೇಕು. ನೀರು ರಭಸವಾಗಿದ್ದೂ ಮೌನವೇ ಆದರೆ ರಬ್ಬರ್ ಹರಿದಿದೆ ಅಥವಾ ಬೋರ್‌ವೆಲ್ ನೀರಿನ ಸುಣ್ಣಕ್ಕೆ ಕಡ್ಡಿ ಸಿಕ್ಕಿಕೊಂಡಿದೆ. ಅದು ಮೆಕ್ಯಾನಿಕ್‌ನ ಕೆಲಸ.

ಟಿಕ್ ಟಿಕ್ ಕೇಳುತ್ತದೆ, ಬೆಂಕಿ ಇಲ್ಲ. ಜನ ಹೆಚ್ಚು ಮೋಸಹೋಗುವುದು ಇಲ್ಲಿ: ಕಿಡಿ ಹಾರುತ್ತಿದೆಯಲ್ಲ, ಸೆಲ್ ಸರಿಯಿದೆ ಎಂದುಕೊಳ್ಳುತ್ತಾರೆ. 1.5 ವೋಲ್ಟಿನ ಎರಡು ದಪ್ಪ ಸೆಲ್ ಸೇರಿ 3 ವೋಲ್ಟ್ ಕೊಡುತ್ತವೆ. ಕಿಡಿಗೆ ಬೇಕಾದ ಕರೆಂಟ್ ಅಲ್ಪ. ಗ್ಯಾಸಿನ ದಾರಿಯಲ್ಲೇ ಇರುವ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ಎಂಬ ಇನ್ನೊಂದು ವಾಲ್ವನ್ನು ಮೊದಲ ಸಲ ಎಳೆದು ತೆರೆಯುವುದಕ್ಕೆ ಬೇಕಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಅರೆಜೀವದ ಸೆಲ್ ಕಿಡಿ ಹಾರಿಸುತ್ತದೆ, ವಾಲ್ವ್ ಎಳೆಯಲಾರದು. ಎರಡನ್ನೂ ಒಟ್ಟಿಗೆ ಬದಲಿಸಿ, ಆಲ್ಕಲೈನ್ ಆದರೆ ಒಳ್ಳೆಯದು. ಹೊಸ ಸೆಲ್ ಹಾಕಿದಾಗ ಕಿಡಿಯ ಜೊತೆಗೇ ‘ಟಕ್’ ಎಂಬ ಗಟ್ಟಿ ಸದ್ದು ಕೇಳಿದರೆ ವಾಲ್ವ್ ತೆರೆಯಿತು ಎಂದು ತಿಳಿಯಿರಿ. ಸಿಲಿಂಡರ್ ಆಗತಾನೇ ಬದಲಾಯಿಸಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ನಲ್ಲಿಯನ್ನು ನಾಲ್ಕೈದು ಸಲ ತೆರೆದು ಮುಚ್ಚಿದರೆ ಸರಿಹೋಗುತ್ತದೆ. ಕಿಡಿ ಬಿದ್ದು ಸ್ವಲ್ಪ ತಡವಾಗಿ ‘ಢಬ್’ ಎಂದು ಹೊತ್ತಿದರೆ ಬಳಸುವುದನ್ನು ನಿಲ್ಲಿಸಿ, ಬರ್ನರ್ ಸ್ವಚ್ಛ ಮಾಡಿಸಿ.

ಹೊತ್ತಿ ಐದಾರು ಸೆಕೆಂಡಿನಲ್ಲಿ ಆರಿದರೆ ಬರ್ನರ್ ಮೇಲಿನ ಸಣ್ಣ ಕಡ್ಡಿಯನ್ನು ನೋಡಬೇಕು. ಜ್ವಾಲೆಯಲ್ಲಿ ವಿದ್ಯುದಾವೇಶದ ಕಣಗಳಿರುವುದರಿಂದ ಅದರ ಮೂಲಕ ಕೆಲವು ಮೈಕ್ರೋಆಂಪಿಯರ್ ಕರೆಂಟ್ ಹರಿಯುತ್ತದೆ. ಅಷ್ಟು ಬಂದರೆ ಬೆಂಕಿ ಇದೆ ಎಂದು ಸರ್ಕ್ಯೂಟ್ ನಂಬುತ್ತದೆ. ಕಡ್ಡಿಗೆ ಮಸಿ ಹಿಡಿದಿದ್ದರೆ ಕಣ್ಣೆದುರು ಉರಿಯುವ ಬೆಂಕಿಯೂ ಅದಕ್ಕೆ ಕಾಣದು, ಗ್ಯಾಸ್ ಮುಚ್ಚಿಬಿಡುತ್ತದೆ. ಗೀಸರ್ ತಣ್ಣಗಾದ ಮೇಲೆ, ರೆಗ್ಯುಲೇಟರ್ ಮುಚ್ಚಿ, ನಯವಾದ ಎಮರಿ ಕಾಗದದಲ್ಲಿ ಎರಡು ಸಲ ಉಜ್ಜಿದರೆ ಸಾಕು.

ಹಲವು ನಿಮಿಷ ಉರಿದು, ಉರಿ ಇಳಿದು ಆರುವುದು ಚಳಿಗಾಲದ ದೂರು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 10.5 ಕಿಲೋವ್ಯಾಟ್ ಬೇಕು, ಅಡುಗೆ ಒಲೆಯ ಐದು ಬರ್ನರ್‌ಗಳಷ್ಟು. ದ್ರವ ಅಷ್ಟು ವೇಗವಾಗಿ ಅನಿಲವಾಗುವಾಗ ಸಿಲಿಂಡರಿನ ಶಾಖವನ್ನೇ ಹೀರುತ್ತದೆ, ಹೊರಮೈ ಬೆವರುತ್ತದೆ, ಒತ್ತಡ ಕುಸಿಯುತ್ತದೆ. ಸಿಲಿಂಡರ್ ಮುಗಿಯುತ್ತ ಬಂದಾಗ ಇದು ಹೆಚ್ಚು. ಅದೇ ಸಿಲಿಂಡರಿನಲ್ಲಿ ಒಲೆ ಮಾತ್ರ ನಿರಾತಂಕವಾಗಿ ಉರಿಯುತ್ತಿರುತ್ತದೆ. ಬಿಸಿನೀರು ಸುರಿದು ಸಿಲಿಂಡರ್ ಕಾಯಿಸುವ ಕೆಲಸಕ್ಕೆ ಹೋಗಬೇಡಿ. ಕೆಲವು ಮಾದರಿಗಳು 20 ನಿಮಿಷಕ್ಕೆ ತಾವೇ ಆರುತ್ತವೆ. ಅದು ಕಾವಲು, ದೋಷವಲ್ಲ.

ಗೀಸರ್ ಹೊತ್ತಿಕೊಂಡ ಮೇಲೆ ಮುಂದಿನ ಕಿಂಡಿಯಲ್ಲಿ ಇಣುಕಿ. ಜ್ವಾಲೆ ನೀಲಿಯಾಗಿರಬೇಕು. ಹಳದಿ ನಾಲಿಗೆಗಳು ಎದ್ದರೆ ಗಾಳಿ ಸಾಲುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ನೀಲಿ ಜ್ವಾಲೆಯೂ ಮುಚ್ಚಿದ ಕೋಣೆಯ ಆಮ್ಲಜನಕವನ್ನು ತಿಂದು ಕೊನೆಗೆ ಇದೇ ವಿಷ ಉಗುಳಬಲ್ಲದು. ಹಳೆಯ ಬಚ್ಚಲಿನ ಹಂಡೆ ಒಲೆಗೆ ಹೊಗೆ ಹೋಗಲು ಗವಾಕ್ಷಿಯಾದರೂ ಇರುತ್ತಿತ್ತು. ಗ್ಯಾಸ್ ಗೀಸರಿನ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಯುಟಿಲಿಟಿಯ ಗೋಡೆ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪ್ ಮಾತ್ರ.